ಸುಣ್ಣದ ಡಬ್ಬಿಯ ಸುತ್ತಮುತ್ತ



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬರುತ್ತಿದ್ದಂತೆ ನಮ್ಮ ವಾರ್ಡೊಂದರ ತಾಯಿಯೊಬ್ಬರು ಕೈಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಮೂಳೆ ಸವೆದಿದೆ ಎಂದು ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆ. "ಫಾದರ್, ಇದರ ಹಿಂದೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಬರೆದಿದೆಯಂತೆ. ಅದು ಕಲ್ಲಂತೆ, ಮೊಟ್ಟೆಯ ಸಿಪ್ಪೆಯಂತೆ. ಮೊಮ್ಮಗ ಹೇಳಿ ಹೇಳಿ ನಗುತ್ತಾನೆ. ನಾನು ದುಡ್ಡು ಕೊಟ್ಟು ಕಲ್ಲು ತಿನ್ನುತ್ತಿದ್ದೇನಾ?" ಎಂದು ಕೇಳಿದರು.

ಮೊಮ್ಮಗ ಹೇಳಿದ್ದು ಸುಳ್ಳಲ್ಲ ಎಂದೆವು. ಆಕೆಯ ಮುಖ ಸಣ್ಣದಾಯಿತು. ಆದರೆ ಗಾಬರಿಯಾಗುವ ವಿಷಯವೇನೂ ಅಲ್ಲ. ಕಲ್ಲಾದರೂ ಅದು ಹೊಟ್ಟೆಯ ಆಮ್ಲದಲ್ಲಿ ಕರಗುವ ಕಲ್ಲು. ಅದಕ್ಕೇ ಈ ಮಾತ್ರೆಯನ್ನು ಊಟದ ಜೊತೆಗೆ ನುಂಗಬೇಕು ಎನ್ನುವುದು. ಊಟದ ಹೊತ್ತಿಗೆ ಹೊಟ್ಟೆಯಲ್ಲಿ ಆಮ್ಲ ಚೆನ್ನಾಗಿ ಊರುತ್ತದೆ. 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ನಿಜವಾದ ಕ್ಯಾಲ್ಸಿಯಂ ಇರುವುದು 500 ಮಿಲಿಗ್ರಾಂ ಮಾತ್ರ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇವೆರಡರ ನಡುವೆ ನಾಲ್ಕು ಗಂಟೆಯಾದರೂ ಬಿಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಷ್ಟು ದಿನ ತಿನ್ನಬೇಕೆಂಬುದನ್ನು ಡಾಕ್ಟರೇ ಹೇಳಬೇಕು, ನಾವಲ್ಲ. ಇಷ್ಟು ಹೇಳಿದ ಮೇಲೆ ಆಕೆ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, "ಹಾಗಾದರೆ ಸುಣ್ಣ ತಿಂದರೂ ಆಗುತ್ತದಾ?" ಎಂದು ಇನ್ನೊಂದು ಪ್ರಶ್ನೆ ಹಾಕಿದರು. ಆಗ ನಿಜವಾಗಿ ಗಾಬರಿಯಾದದ್ದು ನಮಗೆ. ಈ ತಿಂಗಳ ಅಂಕಣ ಆ ಎರಡನೆಯ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ಈ ಕಲ್ಲು ಎಲ್ಲೆಲ್ಲಿದೆ ಎಂದು ನೋಡೋಣ. ಬೆಳಿಗ್ಗೆ ಒಡೆದ ಕೋಳಿಮೊಟ್ಟೆಯ ಸಿಪ್ಪೆ ನೂರಕ್ಕೆ ತೊಂಬತ್ತೈದು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೊಳೆಯಿಂದ ಹೆಕ್ಕಿ ತಂದು ಸಾರು ಮಾಡಿದ ಮರುವಾಯಿಯ ಚಿಪ್ಪೂ ಅದೇ, ಮುತ್ತು ಹವಳಗಳೂ ಹೆಚ್ಚಿನಂಶ ಅದೇ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಓದುಗರ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದರೆ ಅದೂ ಸುಣ್ಣಕಲ್ಲೇ. ತಾಂಡೂರು ಕಲ್ಲು, ಕಡಪಾ ಕಲ್ಲು ಎಂದು ಕರೆಯುವುದೂ ಅದರ ದಾಯಾದಿಗಳೇ. ಹುಣಸೆಹಣ್ಣಿನ ರಸವೋ ನಿಂಬೆರಸವೋ ಆ ನೆಲಕ್ಕೆ ಬಿದ್ದು ಒರೆಸಲು ಮರೆತರೆ ಹೊಳಪು ಹೋಗಿ ಕಲೆ ಉಳಿಯುವುದು ಏಕೆಂದು ಈಗ ತಿಳಿಯಿತಲ್ಲ: ಹುಳಿ ಆ ಕಲ್ಲನ್ನು ತಿನ್ನುತ್ತದೆ. ಬಲಿಪೀಠದ ಅಮೃತಶಿಲೆಯ ಕತೆಯೂ ಇದೇ. ಹಬ್ಬದ ಮುನ್ನಾದಿನ ಯಾರೋ ಭಕ್ತಿಯಿಂದ, ಬಚ್ಚಲು ತೊಳೆಯುವ ಆಸಿಡ್ ಹಾಕಿ ಬಲಿಪೀಠವನ್ನು ಉಜ್ಜಿಬಿಟ್ಟದ್ದನ್ನು ನಾವು ಒಂದು ಕಡೆ ಕಣ್ಣಾರೆ ಕಂಡಿದ್ದೇವೆ. ಸುಂದರವಾಗಿ ನೊರೆ ಬಂತಂತೆ. ಮರುದಿನ ಬಲಿಪೀಠ ಮೂಗುಬೊಟ್ಟು ಕಳೆದುಕೊಂಡ ಮದುಮಗಳಂತೆ ಮಂಕಾಗಿ ನಿಂತಿತ್ತು.

ಆದೋನಿ, ರಾಯದುರ್ಗದ ಕಡೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರವೂ ಇದೇ ಪದಾರ್ಥ. ನೀರಿನಲ್ಲಿ ಕರಗಿ ಬಂದದ್ದು ಕುದಿಯುವಾಗ ಮತ್ತೆ ಕಲ್ಲಾಗಿ ಕೂರುತ್ತದೆ. ವಿನೆಗರ್ ಹಾಕಿ ಒಂದು ಗಂಟೆ ಬಿಟ್ಟರೆ ಎದ್ದು ಬರುತ್ತದೆ. ನಮ್ಮ ಕಾಸರಗೋಡಿನ ಮುರಕಲ್ಲಿನ ನೆಲದ ಬಾವಿಗಳಲ್ಲಿ ಈ ತೊಂದರೆ ಕಡಿಮೆ, ಇಲ್ಲಿನ ಮಣ್ಣೂ ನೀರೂ ಹುಳಿಯ ಕಡೆಗೆ ವಾಲಿದವು. ಅದಕ್ಕೇ ನಮ್ಮ ತೋಟಗಳಿಗೆ ಸುಣ್ಣ ಹಾಕಬೇಕಾಗುತ್ತದೆ.

ಕರಿಹಲಗೆಯ ಚಾಕ್‌ಪೀಸನ್ನು ಈ ಪಟ್ಟಿಗೆ ಸೇರಿಸುವ ಮೊದಲು ಒಂದು ಮಾತು. ಹೆಸರು ಚಾಕ್ ಆದರೂ ಇಂದು ಅಂಗಡಿಯಲ್ಲಿ ಸಿಗುವ ಎಷ್ಟೋ ಚಾಕ್‌ಪೀಸುಗಳು ಜಿಪ್ಸಂನಿಂದ ಮಾಡಿದವು. ಧರ್ಮೋಪದೇಶದ ಮಕ್ಕಳು ಇದನ್ನು ಪರೀಕ್ಷಿಸಿ ನೋಡಬಹುದು: ಒಂದು ಚೂರಿನ ಮೇಲೆ ವಿನೆಗರ್ ಹನಿಸಿದಾಗ ಬುರುಬುರು ಗುಳ್ಳೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಮ್ಮನಿದ್ದರೆ ಜಿಪ್ಸಂ. ಮೊಟ್ಟೆಯ ಸಿಪ್ಪೆಯನ್ನೂ ಪಕ್ಕದಲ್ಲಿಟ್ಟು ಹೋಲಿಸಲಿ. ಸಿಸ್ಟರ್ ಬೈಯುವುದಿಲ್ಲ, ನಾವು ಹೇಳಿದ್ದೇವೆ.

ಈಗ ಸುಣ್ಣಕ್ಕೆ ಬರೋಣ. ನಾವು ಹುಡುಗರಾಗಿದ್ದಾಗ, ಹೊಳೆ ಸಮುದ್ರ ಸೇರುವ ಕಡೆ, ಒಬ್ಬ ಅಜ್ಜನ ಸುಣ್ಣದ ಗೂಡು ಇತ್ತು. ದೋಣಿಯಲ್ಲಿ ಚಿಪ್ಪು ತಂದು ರಾಶಿ ಹಾಕುತ್ತಿದ್ದರು. ದುಂಡಗಿನ ಗೂಡಿನಲ್ಲಿ ಒಂದು ಪದರ ಗೆರಟೆಯ ಇದ್ದಲು, ಒಂದು ಪದರ ಚಿಪ್ಪು, ಮತ್ತೆ ಇದ್ದಲು, ಮತ್ತೆ ಚಿಪ್ಪು. ಅಡಿಯಲ್ಲಿ ಬೆಂಕಿ ಕೊಟ್ಟು ಕೈಯಲ್ಲಿ ತಿರುಗಿಸುವ ಚಕ್ರದಿಂದ ಗಾಳಿ ಊದುತ್ತಿದ್ದರು. ಚಕ್ರ ತಿರುಗಿಸಲು ಹುಡುಗರಿಗೆ ಅವಕಾಶ ಕೊಡುತ್ತಿದ್ದುದೇ ನಮಗೆ ಹಬ್ಬ. ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಮನೆಗೆ ಬಂದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆವು.

ಮಾರನೆಯ ದಿನ ಗೂಡಿನಿಂದ ತೆಗೆದ ಚಿಪ್ಪು ನೋಡಲು ಹಾಗೆಯೇ ಇರುತ್ತಿತ್ತು. ಅದೇ ಆಕಾರ, ಅದೇ ಗೆರೆಗಳು. ಕೈಯಲ್ಲಿ ಹಿಡಿದರೆ ಮಾತ್ರ ಹಗುರ. "ಅರ್ಧ ಭಾರ ಗಾಳಿಯಲ್ಲಿ ಹೋಯಿತು" ಎನ್ನುತ್ತಿದ್ದರು ಅಜ್ಜ. ಅವರು ಶಾಲೆಗೆ ಹೋದವರಲ್ಲ, ಆದರೆ ಲೆಕ್ಕ ಹೆಚ್ಚು ಕಡಿಮೆ ಸರಿಯೇ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆಯುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ.

ಸಿಮೆಂಟಿನ ಹುಟ್ಟೂ ಹೀಗೆಯೇ. ಸುಣ್ಣಕಲ್ಲಿಗೆ ಜೇಡಿಮಣ್ಣು ಬೆರೆಸಿ ಸುಮಾರು 1450 ಡಿಗ್ರಿಯವರೆಗೆ ಕಾಯಿಸುತ್ತಾರೆ. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದಲೇ ಬರುವುದು. ನಮ್ಮ ಕೇರಳದಲ್ಲಿ ವೇಂಬನಾಡ್ ಕಾಯಲಿನ ತಳದ ಚಿಪ್ಪು ತೆಗೆದು ಕೋಟ್ಟಯಂನಲ್ಲಿ ಬಿಳಿ ಸಿಮೆಂಟ್ ಮಾಡುತ್ತಿದ್ದ ಕಾಲವೂ ಇತ್ತು. ಆ ಕತೆ ದೊಡ್ಡದು, ಇನ್ನೊಮ್ಮೆ ಬರೆಯುವೆವು.

ಅಜ್ಜ ಸುಟ್ಟ ಚಿಪ್ಪಿಗೆ ನೀರು ಎರಚುವಾಗ ಹುಡುಗರನ್ನೆಲ್ಲ ದೂರ ಓಡಿಸುತ್ತಿದ್ದರು. ನೀರು ಬಿದ್ದದ್ದೇ ಚಿಪ್ಪು ಚಟಚಟನೆ ಸಿಡಿದು, ಹಬೆಯೆದ್ದು, ಬೆಂಕಿಯಿಲ್ಲದೆ ಕುದಿಯುತ್ತಿತ್ತು. ಇದಕ್ಕೆ ಸುಣ್ಣ ಅರಳಿಸುವುದು ಎನ್ನುತ್ತಾರೆ. ಕೊನೆಗೆ ಅದು ತಣ್ಣಗಾಗಿ ಬೆಣ್ಣೆಯಂತೆ ನುಣುಪಾಗುತ್ತದೆ. "ಮೊದಲು ಕಲ್ಲು, ಆಮೇಲೆ ಕೆಂಡ, ಆಮೇಲೆ ಬೆಣ್ಣೆ, ಕೊನೆಗೆ ಪುನಃ ಕಲ್ಲು" ಎಂದು ಅಜ್ಜ ಹೇಳುತ್ತಿದ್ದುದು ನಮಗೆ ಒಗಟಿನಂತೆ ಕೇಳಿಸುತ್ತಿತ್ತು.

ಕೊನೆಯ ಮಾತಿನ ಅರ್ಥ ನಮಗೆ ತಿಳಿದದ್ದು ಗುರುಮಠದಲ್ಲಿ ಓದುವಾಗ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡದ ಕುಟುಂಬ ನಮ್ಮಲ್ಲಿ ಕಡಿಮೆ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಅಲ್ಲಿ ಚಿತ್ರ ಬರೆಯಲು ತೊಡಗಿದರು. ಗೋಡೆಯ ಮೇಲಿನ ಚಿತ್ರಗಳನ್ನು ಅವರು ಬರೆದದ್ದು ಫ್ರೆಸ್ಕೊ ವಿಧಾನದಲ್ಲಿ. ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ, ಅದು ಒಣಗುವ ಮೊದಲೇ, ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಅಂಟು ಬೇಡ, ಎಣ್ಣೆ ಬೇಡ. ಹಸಿ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಬಣ್ಣದ ಕಣಗಳು ಆ ಹೊಸ ಕಲ್ಲಿನೊಳಗೆ ಸೆರೆಯಾಗುತ್ತವೆ. ಗೂಡಿನಲ್ಲಿ ಬಿಟ್ಟ ಉಸಿರನ್ನು ಗೋಡೆಯಲ್ಲಿ ವಾಪಸು ಪಡೆಯುವುದು ಎನ್ನಬಹುದು. ಇದನ್ನು ವಿವರಿಸಿದ ನಮ್ಮ ಪ್ರಾಧ್ಯಾಪಕರು ಅಂದು ಕೇಳಿದ ಪ್ರಶ್ನೆಗಳಿಗೆಲ್ಲ ನಾವು ಥಟ್ಟನೆ ಉತ್ತರ ಕೊಟ್ಟೆವು. ಒಳ್ಳೆಯ ಅಂಕವೂ ಬಂತು. ಇದನ್ನು ಏಕೆ ಹೇಳುತ್ತಿದ್ದೇವೆ ಎಂಬುದು ಮುಂದೆ ತಿಳಿಯುತ್ತದೆ.

ಮನೆಗೆ ಬಳಿಯುವ ಸುಣ್ಣವೂ ಅದೇ ಕೆಲಸ ಮಾಡುತ್ತದೆ. ಹಸಿಯಾಗಿದ್ದಾಗ ಬಳಿದದ್ದೇ ಕಾಣುವುದಿಲ್ಲ, ಒಣಗಿದಂತೆ ಬೆಳ್ಳಗಾಗುತ್ತದೆ. ಸ್ವಲ್ಪ ನೀಲಿ ಬೆರೆಸಿದರೆ ಕಣ್ಣಿಗೆ ಇನ್ನೂ ಬೆಳ್ಳಗೆ. ಮುರಕಲ್ಲಿನ ಹಳೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ; ಸುಣ್ಣದ ಪದರ ಅದಕ್ಕೆ ಅಡ್ಡ ಬರುವುದಿಲ್ಲ. ಅದೇ ಗೋಡೆಗೆ ಸಿಮೆಂಟ್ ಸಾರಣೆ ಮಾಡಿ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದರೆ ನೀರು ಒಳಗೆ ಸಿಕ್ಕಿಕೊಂಡು ಎರಡು ಮಳೆಗಾಲದೊಳಗೆ ಗುಳ್ಳೆ ಏಳುತ್ತದೆ. ಹಳೆಯ ಚರ್ಚುಗಳ ದುರಸ್ತಿಗೆ ಇಳಿಯುವ ಪಾಲನಾ ಮಂಡಳಿಗಳು ಪೇಂಟ್ ಕಂಪೆನಿಯ ಕ್ಯಾಟಲಾಗ್ ನೋಡುವ ಮೊದಲು ಊರಿನ ಒಬ್ಬ ಹಳೆಯ ಮೇಸ್ತ್ರಿಯನ್ನು ಕೇಳುವುದು ಒಳ್ಳೆಯದು.

ತೋಟದವರಿಗೂ ಒಂದು ಮಾತು ಹೇಳಲೇಬೇಕು. ಅಡಿಕೆಗೆ ಮದ್ದು ಬಿಡುವುದೆಂದರೆ ನಮ್ಮಲ್ಲಿ ಬೋರ್ಡೋ ಮಿಶ್ರಣ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಮುಟ್ಟದಿರಲಿ ಎಂದು ತುತ್ತು ಸುಣ್ಣ ಬಳಿಯುತ್ತಿದ್ದರಂತೆ. ಹಾಗೆ ಬಳಿದ ಬಳ್ಳಿಗಳಿಗೆ ರೋಗ ತಗಲದ್ದನ್ನು ಕಂಡು ಅಲೆಕ್ಸಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ಪ್ರಕಟಿಸಿದರು. ಕಳ್ಳರಿಗೆ ಹೆದರಿದ್ದರಿಂದ ನಮ್ಮ ಅಡಿಕೆ ಉಳಿಯಿತು ಎನ್ನೋಣ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದ ವರದಿಯ ನಂತರ ಈ ಮದ್ದು ನಮ್ಮ ನಾಡಿನ ತೋಟಗಳಿಗೆ ಬಂತು. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದೇ ಉಪಾಯ.

ಇಲ್ಲಿ ಸುಣ್ಣದ ಕೆಲಸ ತುತ್ತಿನ ಹುಳಿಯನ್ನು ಮುರಿಯುವುದು. ಆದರೆ ವರ್ಷಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ತೆರೆದು ಬಿದ್ದ ಚೀಲದ ಸುಣ್ಣ ಗಾಳಿ ಕುಡಿದು ಆಗಲೇ ಅರ್ಧ ಕಲ್ಲಾಗಿರುತ್ತದೆ. ನೋಡಲು ಬೆಳ್ಳಗೆ, ಹೆಸರಿಗೆ ಸುಣ್ಣ, ಆದರೆ ಕಸುವಿಲ್ಲ. ಅಂಥದ್ದನ್ನು ಹಾಕಿದರೆ ತುತ್ತಿನ ಹುಳಿ ಹಾಗೇ ಉಳಿದು ಎಳೆಯ ಕಾಯಿ ಸುಡುತ್ತದೆ. ಹಿರಿಯರು ಮಿಶ್ರಣದಲ್ಲಿ ಕತ್ತಿ ಅದ್ದಿ ನೋಡುತ್ತಿದ್ದುದು ಸುಮ್ಮನೆ ಅಲ್ಲ: ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು.

ಹೀಗೆ ಒಂದೇ ಪದಾರ್ಥ, ಹಲವು ಅವಸ್ಥೆ. ಕಲ್ಲಾಗಿರುವಾಗ ಮಾತ್ರೆ ಮಾಡಿ ನುಂಗಬಹುದು. ಸುಟ್ಟಾಗ ನೀರು ತಾಗಿದರೆ ಕುದಿಯುತ್ತದೆ. ಅರಳಿದಾಗ ತಣ್ಣಗಿರುತ್ತದೆ, ಬೆಣ್ಣೆಯಂತಿರುತ್ತದೆ, ಆದರೆ ಕ್ಷಾರ ಹಾಗೆಯೇ ಇರುತ್ತದೆ. ಎಲೆಗೆ ಹಚ್ಚುವ ಸುಣ್ಣ ಸ್ವಲ್ಪ ಹೆಚ್ಚಾದರೆ ಬಾಯಿ ಬೇಯುವುದು ಅದರಿಂದಲೇ. ಆದ್ದರಿಂದ ಮಾತ್ರೆಯ ಬದಲು ಸುಣ್ಣ ಆಗುತ್ತದಾ ಎಂದು ಕೇಳಿದ ತಾಯಿಗೆ ನಮ್ಮ ಉತ್ತರ, ಖಂಡಿತ ಬೇಡ. ಆದರೆ ನಮ್ಮ ಗಾಬರಿಗೆ ಕಾರಣ ಇಷ್ಟೇ ಅಲ್ಲ.

2009ರಲ್ಲಿ ನಾವು ಹೊಸದಾಗಿ ಗುರುದೀಕ್ಷೆ ಪಡೆದು ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದೆವು. ಮಳೆ ಬಿಟ್ಟ ಮೇಲೆ ವಾರ್ಷಿಕ ಹಬ್ಬಕ್ಕೆ ಮೊದಲು ಶ್ರಮದಾನ. ಹಿಂದಿನ ಸಂಜೆಯೇ ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದರು. ಬೆಳಿಗ್ಗೆ ದೊಡ್ಡವರು ಬಕೆಟಿನಿಂದ ಸುರಿಯುವುದು, ಇಬ್ಬರು ಹುಡುಗರು ಹಳೆಯ ಪಂಚೆ ಹಿಡಿದು ಸೋಸುವುದು. ಹತ್ತು ವರ್ಷದ ಒಬ್ಬನ ಕೈಯಿಂದ ಪಂಚೆಯ ಅಂಚು ಜಾರಿತು. ಸುಣ್ಣ ಅವನ ಬಲಗಣ್ಣಿಗೆ ಚಿಮ್ಮಿತು.

ಹುಡುಗನ ಕಿರುಚಾಟಕ್ಕೆ ಎಲ್ಲರೂ ಓಡಿ ಬಂದರು. ಯಾರೋ ಲುಂಗಿಯ ಅಂಚಿನಿಂದ ಒರೆಸಿದರು. ಬಾವಿ ಹತ್ತು ಹೆಜ್ಜೆ ದೂರದಲ್ಲಿತ್ತು. ಒಬ್ಬರು ಕೊಡಪಾನ ಎತ್ತಿದಾಗ ಇನ್ನೊಬ್ಬರು ತಡೆದರು: "ನೀರು ಹಾಕಬೇಡಿ, ಸುಣ್ಣಕ್ಕೆ ನೀರು ಬಿದ್ದರೆ ಕಣ್ಣಿನಲ್ಲೇ ಕುದಿಯುತ್ತದೆ!" ಎಲ್ಲರೂ ಹೌದು ಹೌದು ಎಂದರು. ಎಲ್ಲರೂ ಸುಣ್ಣ ಕುದಿಯುವುದನ್ನು ಕಂಡವರೇ. ಒಳಗಿನಿಂದ ತುಪ್ಪ ತಂದು ಬಿಟ್ಟರು. ಆಮೇಲೆ ಜೀಪು ಹುಡುಕಿ, ಪೇಟೆಯ ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ಕಳೆದಿತ್ತು.

ನಾವು ಅಲ್ಲೇ ನಿಂತಿದ್ದೆವು. ಆ ಡ್ರಮ್ಮಿನ ಸುಣ್ಣ ಹಿಂದಿನ ರಾತ್ರಿಯೇ ನೀರು ಕುಡಿದು, ಕುದಿದು, ತಣ್ಣಗಾಗಿತ್ತು. ಅದು ಇನ್ನೊಮ್ಮೆ ಕುದಿಯುವುದು ಸಾಧ್ಯವೇ ಇರಲಿಲ್ಲ. ಪ್ರಾಧ್ಯಾಪಕರು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆವು. ಅಂದು ಹೇಳಲಿಲ್ಲ. ಹಿರಿಯರೆಲ್ಲ ಒಂದು ಮಾತು ಹೇಳುವಾಗ ಹೊಸ ಪಾದ್ರಿ ಎದುರಾಡುವುದು ಹೇಗೆ ಎಂದು ತೋರಿತೋ, ಗಾಬರಿಯಲ್ಲಿ ಕಲಿತದ್ದೆಲ್ಲ ಮರೆಯಿತೋ, ಇಂದಿಗೂ ನಮಗೆ ಸರಿಯಾಗಿ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಮೊದಲು ಮಾಡಿದ ಕೆಲಸ ನೀರಿನಿಂದ ತೊಳೆದದ್ದು. ಬಹಳ ಹೊತ್ತು ತೊಳೆದರು. ರೆಪ್ಪೆ ಮಗುಚಿ ಒಳಗೆ ಅಂಟಿದ್ದ ಕಣಗಳನ್ನು ತೆಗೆದರು. "ಅಲ್ಲೇ ತೊಳೆದಿದ್ದರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಅವರಿಂದ ಅಂದು ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ. ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಸುಣ್ಣದ ಕ್ಷಾರ ಕಣ್ಣಿನ ಮೇಲ್ಪದರದಲ್ಲಿ ನಿಲ್ಲುವುದಿಲ್ಲ, ಅಂಗಾಂಶವನ್ನು ಕರಗಿಸುತ್ತಾ ಒಳಗೆ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಕಣ್ಣಿಗೆ ಸುಣ್ಣ ಬಿದ್ದರೆ ಆ ಕ್ಷಣವೇ, ನಿಂತ ಜಾಗದಲ್ಲೇ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರು ಹರಿಸಬೇಕು. ಒಂದು ಚೊಂಬು ಸಾಲದು. ಕನಿಷ್ಠ ಅರ್ಧ ಗಂಟೆ. ರೆಪ್ಪೆಯ ಮೇಲೆ ಕಾಣುವ ಗಟ್ಟಿ ಚೂರು ಇದ್ದರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ, ಕಣ್ಣನ್ನು ಮಾತ್ರ ಉಜ್ಜಬೇಡಿ. ತುಪ್ಪ, ಎಣ್ಣೆ, ಹಾಲು ಬೇಡ. ಕ್ಷಾರಕ್ಕೆ ಹುಳಿ ಮದ್ದು ಎಂದು ನಿಂಬೆರಸ ಹಾಕುವ ಬುದ್ಧಿವಂತರೂ ಇದ್ದಾರೆ, ಅದಂತೂ ಬೇಡವೇ ಬೇಡ. ತೊಳೆದು ನೋವು ಕಡಿಮೆಯಾದರೂ ಕಣ್ಣಿನ ಡಾಕ್ಟರ ಬಳಿಗೆ ಹೋಗಲೇಬೇಕು. ಸುಡುವ ಹಸಿವಿನ ಸುಟ್ಟ ಸುಣ್ಣದ ಪುಡಿ ಮೈ ಕೈಗೆ ಬಿದ್ದರೆ ಮಾತ್ರ ಮೊದಲು ಒಣಗಿರುವಾಗಲೇ ಕೊಡವಿ, ಆಮೇಲೆ ಧಾರಾಳ ನೀರು. ಕಣ್ಣಿಗಾದರೆ ಯಾವ ಸುಣ್ಣವೆಂದು ಯೋಚಿಸುತ್ತ ಕೂರಬೇಡಿ, ನೀರು ಹಾಕಿ.

ಇನ್ನೊಂದು ಅಪಾಯ ಮನೆಯೊಳಗೇ ಇದೆ. ಅಜ್ಜಿಯಂದಿರ ಹಿತ್ತಾಳೆಯ ಸುಣ್ಣದ ಡಬ್ಬಿ ಹೋಗಿ ಈಗ ಪ್ಲಾಸ್ಟಿಕ್ ಪ್ಯಾಕೆಟ್ ಬಂದಿದೆ. ಅಂಗಡಿಯಲ್ಲಿ ತಂಬಾಕಿನ ಜೊತೆ ಸಿಗುತ್ತದೆ, ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಮಕ್ಕಳು ಅದನ್ನು ಆಟಕ್ಕೆ ಹಿಚುಕುತ್ತಾರೆ, ಒಡೆದು ಮುಖಕ್ಕೆ ಸಿಡಿಯುತ್ತದೆ. ನಮ್ಮ ದೇಶದ ಕಣ್ಣಿನ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳನ್ನು ನೋಡದ ಡಾಕ್ಟರುಗಳು ವಿರಳ. ಎಲೆ ಹಾಕುವ ಹಿರಿಯರು ದಯವಿಟ್ಟು ಪ್ಯಾಕೆಟನ್ನು ತಲೆದಿಂಬಿನ ಪಕ್ಕ, ಕಿಟಕಿಯ ದಂಡೆಯ ಮೇಲೆ ಇಡಬೇಡಿ. ಮುಚ್ಚಳದ ಹಳೆಯ ಡಬ್ಬಿ ಅಟ್ಟದಲ್ಲಿದ್ದರೆ ಇಳಿಸಿ ತನ್ನಿ.

ಆ ಹುಡುಗನ ಕಣ್ಣು ಉಳಿಯಿತು, ದೃಷ್ಟಿ ಪೂರ್ತಿ ಉಳಿಯಲಿಲ್ಲ. ಪಾಪೆಯ ಮೇಲೆ ಬಿಳಿ ಮೋಡದಂತೆ ಒಂದು ಮಸುಕು. ದೊಡ್ಡವನಾದ ಮೇಲೆ ಪೊಲೀಸ್ ಆಗುವ ಆಸೆಯಿತ್ತು, ಕಣ್ಣಿನ ಪರೀಕ್ಷೆಯಲ್ಲೇ ಹಿಂದಕ್ಕೆ ಕಳುಹಿಸಿದರು. ಈಗ ಅಲ್ಲೇ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ. ಕಳೆದ ವರ್ಷ ಹಬ್ಬದ ಪ್ರಬೋಧನೆಗೆಂದು ಆ ಧರ್ಮಕೇಂದ್ರಕ್ಕೆ ಹೋಗಿದ್ದಾಗ ಅವನನ್ನು ಕಂಡೆವು. ಅಂದು ಕೂಡ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಅವನು ಅಂಗಡಿಯಿಂದ ಉದ್ದದ ಹಸಿರು ಪೈಪ್ ತಂದು ನಳ್ಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಡ್ರಮ್ಮಿನ ಪಕ್ಕದಲ್ಲಿಟ್ಟು, ನೀರು ಸರಿಯಾಗಿ ಬರುತ್ತದೆಯೇ ಎಂದು ಎರಡು ಸಲ ತಿರುಗಿಸಿ ನೋಡುತ್ತಿದ್ದ. ಪ್ರತಿ ವರ್ಷವೂ ಹೀಗೇ ಮಾಡುತ್ತಾನಂತೆ. ನಾವು ಹತ್ತಿರ ಹೋದಾಗ, "ಫಾದರ್, ನೀವು ಸ್ವಲ್ಪ ಆಚೆ ನಿಲ್ಲಿ, ಸುಣ್ಣ ಸಿಡಿಯುತ್ತದೆ" ಎಂದು ನಮ್ಮನ್ನು ಕೈಹಿಡಿದು ದೂರ ನಿಲ್ಲಿಸಿದ.